ಬಾಟಮ್ ಕ್ವಾರ್ಕ್ ದ್ರವ್ಯರಾಶಿ 4.18 ಅಂತಲೂ ಇದೆ, 4.8 ಅಂತಲೂ ಇದೆ. ಲ್ಯಾಟಿಸ್‌ನವರು ತೆಗೆಯುವುದು ಯಾವುದನ್ನು, ಹೇಗೆ?

ಕುತೂಹಲಿ:

ಎಂಎಸ್‌ಸಿ ಮುಗಿಸಿ ಈಗ ಕಣ ಭೌತಶಾಸ್ತ್ರದ ಕಡೆ ಬಂದಿದ್ದೇನೆ. ಒಂದು ವಿಷಯ ಎಷ್ಟು ಓದಿದರೂ ತಲೆಗೆ ಹತ್ತುತ್ತಿಲ್ಲ. ಒಂದು ಕಡೆ ಬಾಟಮ್ ಕ್ವಾರ್ಕ್ ದ್ರವ್ಯರಾಶಿ 4.18 ಜಿಇವಿ (ಕಣಗಳ ದ್ರವ್ಯರಾಶಿಗೆ ಬಳಸುವ ಶಕ್ತಿಯ ಏಕಮಾನ) ಅಂತ ಕೊಟ್ಟಿರುತ್ತಾರೆ. ಇನ್ನೊಂದು ಕಡೆ 4.8 ಅಂತ ಇರುತ್ತದೆ. ನಡುವೆ 0.6 ಜಿಇವಿ ಅಂತರ. ಅಂದರೆ ಪ್ರೋಟಾನ್‌ನ ಅರ್ಧಕ್ಕಿಂತ ಜಾಸ್ತಿ! ಇಷ್ಟು ದೊಡ್ಡ ಅಂತರ ಕಣ್ಣೆದುರಿಗೇ ಇರುವಾಗ, ದೋಷ ಶೇಕಡಾ ಅರ್ಧಕ್ಕಿಂತ ಕಮ್ಮಿ ಅಂತ ಹೇಗೆ ಬರೆಯುತ್ತಾರೆ?

ಇನ್ನೊಂದು ಪ್ರಶ್ನೆ. ಕ್ವಾರ್ಕ್ ಒಂಟಿಯಾಗಿ ಸಿಗುವುದೇ ಇಲ್ಲ. ಅದಕ್ಕೇ ಲ್ಯಾಟಿಸ್ ಸಿಮ್ಯುಲೇಶನ್ (ಸ್ಥಳ-ಕಾಲವನ್ನು ಚೌಕಳಿಯಾಗಿಸಿ ಕಂಪ್ಯೂಟರ್‌ನಲ್ಲಿ ಹಾಕುವ ಲೆಕ್ಕ) ಮಾಡಿ ಅದರ ದ್ರವ್ಯರಾಶಿ ತೆಗೆಯುತ್ತಾರೆ ಅಂತ ಓದಿದೆ. ಆದರೆ ಸಿಮ್ಯುಲೇಶನ್ ಶುರು ಮಾಡುವಾಗ ಆ ದ್ರವ್ಯರಾಶಿಯನ್ನು ನಾವೇ ಒಳಗೆ ಹಾಕಬೇಕಲ್ವಾ? ಹಾಕಿದ್ದನ್ನೇ ವಾಪಸ್ ತೆಗೆದ ಹಾಗೆ ಆಗಲಿಲ್ವಾ?

ಸೂತ್ರಗಳು ಪುಸ್ತಕದಲ್ಲಿವೆ, ಅವನ್ನು ಓದಿಕೊಳ್ಳಬಲ್ಲೆ. ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ ಅನ್ನುವುದನ್ನು ಮಾಡಿದವರಿಂದಲೇ ಕೇಳಬೇಕು ಅಂತ ಆಸೆ.

ನಾಲ್ಕು ಲೂಪ್:

ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ. ಲ್ಯಾಟಿಸ್ ಭಾಗವನ್ನು ಆ ಕೆಲಸ ಮಾಡಿದವರು ಬರೆಯಲಿ.

ಎರಡೂ ಸಂಖ್ಯೆ ಒಂದೇ ಕ್ವಾರ್ಕ್‌ನದ್ದು, ಆದರೆ ದ್ರವ್ಯರಾಶಿಯ ವ್ಯಾಖ್ಯೆ ಬೇರೆ ಬೇರೆ. 4.18 ಅನ್ನುವುದು ಎಂಎಸ್-ಬಾರ್ ಮಾಸ್. ಇದು ಥಿಯರಿಯ ಸಮೀಕರಣದಲ್ಲಿ ಕೂತಿರುವ ಒಂದು ನಿಯತಾಂಕ, ಮತ್ತು ಇದು ಸ್ಕೇಲ್ (ಎಷ್ಟು ಶಕ್ತಿಯ ಮಟ್ಟದಲ್ಲಿ ನೋಡುತ್ತೇವೆ ಅನ್ನುವುದು) ಬದಲಾದ ಹಾಗೆ ಬದಲಾಗುತ್ತದೆ. 4.18 ಅಂತ ಬರೆದಾಗ ಸ್ಕೇಲನ್ನೂ ಅಷ್ಟೇ ಇಟ್ಟುಕೊಂಡಿದ್ದಾರೆ ಅಂತ ಅರ್ಥ. 4.8 ಅನ್ನುವುದು ಪೋಲ್ ಮಾಸ್. ಎಲೆಕ್ಟ್ರಾನ್ ದ್ರವ್ಯರಾಶಿ ಅಂತ ನಾವು ಹೇಳುವುದು ಇದೇ ಬಗೆಯದ್ದು. ಕಣ ಒಂಟಿಯಾಗಿ ದೂರ ಹೋಗುತ್ತದೆ, ಅದರ ಶಕ್ತಿ ಮತ್ತು ಸಂವೇಗ ಅಳೆದರೆ ಸಾಕು. ಕ್ವಾರ್ಕ್ ಹಾಗೆ ಹೋಗುವುದಿಲ್ಲ. ಹಾಗಾಗಿ ಅದರ ಪೋಲ್ ಮಾಸ್‌ಗೆ ಪರ್ಟರ್ಬೇಶನ್ ಸರಣಿಯ (ತಿದ್ದುಪಡಿಗಳನ್ನು ಒಂದೊಂದಾಗಿ ಕೂಡುತ್ತಾ ಹೋಗುವ ಲೆಕ್ಕದ) ಒಳಗೆ ಮಾತ್ರ ಅರ್ಥ.

ಆ ಸರಣಿಯನ್ನೇ ಬಿಡಿಸಿ ನೋಡಿ. 4.18ರಿಂದ ಶುರು ಮಾಡಿದರೆ ಮೊದಲ ಲೂಪ್ (ಅಂದರೆ ಸರಣಿಯ ಮೊದಲ ತಿದ್ದುಪಡಿ) ಸುಮಾರು 0.40 ಸೇರಿಸುತ್ತದೆ. ಎರಡನೆಯದು ಸುಮಾರು 0.20. ಅಲ್ಲಿಗೆ 4.78, ನೀವು ನೋಡಿದ 4.8 ಇದೇ. ಆದರೆ ಅಲ್ಲಿಗೆ ಯಾಕೆ ನಿಲ್ಲಬೇಕು? ಮೂರನೆಯದು ಸುಮಾರು 0.15, ನಾಲ್ಕನೆಯದು ಸುಮಾರು 0.14. ಮೂರಕ್ಕೂ ನಾಲ್ಕಕ್ಕೂ ಹೆಚ್ಚು ವ್ಯತ್ಯಾಸವೇ ಇಲ್ಲ. ಸರಣಿ ಇಳಿಯುವುದನ್ನು ನಿಲ್ಲಿಸಿಬಿಟ್ಟಿದೆ. ಮುಂದೆ ಹೋದರೆ ಪದಗಳು ಮತ್ತೆ ಬೆಳೆಯುತ್ತವೆ. ಇದಕ್ಕೆ ರೀನಾರ್ಮಲಾನ್ ಸಮಸ್ಯೆ ಅನ್ನುತ್ತಾರೆ. ಪೋಲ್ ಮಾಸ್‌ನಲ್ಲಿ ನೂರು-ಇನ್ನೂರು ಎಂಇವಿ (ಸಾವಿರ ಎಂಇವಿ ಅಂದರೆ ಒಂದು ಜಿಇವಿ) ಮಟ್ಟದ ಅಸ್ಪಷ್ಟತೆ ಸ್ವಭಾವದಲ್ಲೇ ಇದೆ ಅನ್ನುವುದು 1994ರಲ್ಲೇ ಸ್ಪಷ್ಟವಾಗಿತ್ತು. ಎಷ್ಟು ಲೂಪ್ ಲೆಕ್ಕ ಹಾಕಿದರೂ ಅದು ಹೋಗುವುದಿಲ್ಲ. ಬಾಟಮ್‌ಗಿಂತ ಹಗುರವಾದ ಚಾರ್ಮ್ ಕ್ವಾರ್ಕ್‌ಗಂತೂ ಪರಿಸ್ಥಿತಿ ಇನ್ನೂ ಕಷ್ಟ.

ಆದ್ದರಿಂದ ಶೇಕಡಾ ಅರ್ಧ ಅನ್ನುವ ನಿಖರತೆ ಎಂಎಸ್-ಬಾರ್ ಮಾಸ್‌ಗೆ ಮಾತ್ರ ಸೇರಿದ್ದು. ಪೋಲ್ ಮಾಸ್‌ಗೆ ಅಂಥ ನಿಖರತೆ ಬರಲು ಸಾಧ್ಯವಿಲ್ಲ.

ಜಾಲರಿ:

ಎರಡನೇ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು. ಹಲವು ವರ್ಷ ಚಾರ್ಮ್ ಕ್ವಾರ್ಕ್ ಲೆಕ್ಕಗಳಲ್ಲೇ ಕಳೆದವನು ನಾನು. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನವಾಗಿ ಓದಿ.

ಹಾಕಿದ್ದನ್ನೇ ವಾಪಸ್ ತೆಗೆಯುತ್ತೀರಾ ಅಂತ ಕೇಳಿದ್ದೀರಿ. ಇಲ್ಲ. ಒಳಗೆ ಹಾಕುವುದು ಒಂದು ಸಂಖ್ಯೆ, ಕೊನೆಗೆ ಪ್ರಕಟಿಸುವುದು ಬೇರೆಯೇ ಸಂಖ್ಯೆ. ಶ್ರಮವೆಲ್ಲ ಇರುವುದು ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವ ದಾರಿಯಲ್ಲಿ.

ಲ್ಯಾಟಿಸ್ ಅಂದರೇನು ಅಂತ ಎರಡೇ ಮಾತು. ಕೆನೆತ್ ವಿಲ್ಸನ್ 1974ರಲ್ಲಿ ಕ್ವಾರ್ಕ್‌ಗಳು ಮತ್ತು ಅವನ್ನು ಬಂಧಿಸುವ ಗ್ಲುವಾನ್‌ಗಳ ಥಿಯರಿಯನ್ನು ನಾಲ್ಕು ಆಯಾಮದ ಚೌಕಳಿಯ ಮೇಲೆ ಬರೆದರು. ಅದೇ ವರ್ಷ ನವೆಂಬರ್‌ನಲ್ಲಿ ಬ್ರೂಕ್‌ಹೇವನ್ ಮತ್ತು ಸ್ಲ್ಯಾಕ್‌ನಲ್ಲಿ ಜೆ/ಸೈ ಕಣ ಸಿಕ್ಕಿ ಚಾರ್ಮ್ ಕ್ವಾರ್ಕ್ ಬೆಳಕಿಗೆ ಬಂತು. ಎರಡೂ ಒಂದೇ ವರ್ಷ ಹುಟ್ಟಿದವು ಅನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ವಿಷಯ. ಚೌಕಳಿಯ ಬಿಂದುಗಳಲ್ಲಿ ಕ್ವಾರ್ಕ್, ಬಿಂದುಗಳನ್ನು ಸೇರಿಸುವ ಕೊಂಡಿಗಳಲ್ಲಿ ಗ್ಲುವಾನ್. ಈಗಿನ ಒಂದು ದೊಡ್ಡ ಚೌಕಳಿ ಅಂದರೆ ಪ್ರತಿ ದಿಕ್ಕಿಗೆ 96 ಬಿಂದು, ಕಾಲದ ದಿಕ್ಕಿಗೆ 192. ಗುಣಿಸಿ ನೋಡಿ, ಸುಮಾರು 17 ಕೋಟಿ ಬಿಂದು. ಪ್ರತಿ ಬಿಂದುವಿಗೂ ನಾಲ್ಕು ಕೊಂಡಿ, ಪ್ರತಿ ಕೊಂಡಿಯ ಮೇಲೂ 3×3 ಮ್ಯಾಟ್ರಿಕ್ಸ್. ಇದು ಒಂದೇ ಒಂದು ಕಾನ್ಫಿಗರೇಶನ್, ಅಂದರೆ ಗ್ಲುವಾನ್‌ಗಳ ಒಂದು ಮಾದರಿ ಚಿತ್ರ. ಇಂಥವು ನೂರಾರು, ಕೆಲವೊಮ್ಮೆ ಸಾವಿರ ಬೇಕು.

ಈಗ ಮುಖ್ಯ ವಿಷಯ. ಕಂಪ್ಯೂಟರ್‌ಗೆ ನಾವು ಕೊಡುವುದು ಬೇರ್ ಮಾಸ್ (ಚೌಕಳಿಯ ಸಮೀಕರಣದಲ್ಲಿ ನೇರವಾಗಿ ಇಡುವ ಕಚ್ಚಾ ದ್ರವ್ಯರಾಶಿ), ಅದೂ ಚೌಕಳಿಯ ಅಂತರದ ಏಕಮಾನದಲ್ಲಿ. ಅದಕ್ಕೆ ಜಿಇವಿ ಅನ್ನುವ ಏಕಮಾನವೇ ಇಲ್ಲ. ಚೌಕಳಿಯ ಅಂತರವನ್ನೂ ನಾವು ನೇರವಾಗಿ ಕೊಡುವುದಿಲ್ಲ. ಕಪ್ಲಿಂಗ್ (ಬಲ ಎಷ್ಟು ಪ್ರಬಲ ಅನ್ನುವ ಸಂಖ್ಯೆ) ಕೊಡುತ್ತೇವೆ, ಅಂತರ ಎಷ್ಟಾಯಿತು ಅನ್ನುವುದು ಆಮೇಲೆ ಗೊತ್ತಾಗುತ್ತದೆ. ಒಮೆಗಾ ಬೇರಿಯಾನ್ ದ್ರವ್ಯರಾಶಿಯನ್ನೋ ಪಯಾನ್ ಕ್ಷಯದ ಸ್ಥಿರಾಂಕವನ್ನೋ ಚೌಕಳಿಯ ಮೇಲೆ ಲೆಕ್ಕ ಹಾಕಿ, ಪ್ರಯೋಗದ ಬೆಲೆಗೆ ಹೋಲಿಸಿ, ಓಹೋ ಇದು 0.09 ಫರ್ಮಿ ಚೌಕಳಿ ಅಂತ ತಿಳಿಯುತ್ತೇವೆ (ಫರ್ಮಿ ಅಂದರೆ ಪ್ರೋಟಾನ್ ಗಾತ್ರದ ಮಟ್ಟದ ಉದ್ದ).

ಆಮೇಲೆ ಚಾರ್ಮ್. ಒಂದು ಬೇರ್ ಮಾಸ್ ಇಟ್ಟು ಈಟಾ-ಸಿ (ಚಾರ್ಮ್ ಮತ್ತು ಅದರ ಪ್ರತಿಕಣದ ಜೋಡಿ) ಅಥವಾ ಡಿ-ಎಸ್ (ಚಾರ್ಮ್ ಮತ್ತು ಸ್ಟ್ರೇಂಜ್‌ನ ಪ್ರತಿಕಣದ ಜೋಡಿ) ಮೀಸಾನ್‌ನ ದ್ರವ್ಯರಾಶಿ ಲೆಕ್ಕ ಹಾಕುತ್ತೇವೆ. ಪ್ರಯೋಗದಲ್ಲಿ ಈಟಾ-ಸಿ 2.984 ಜಿಇವಿ, ಡಿ-ಎಸ್ 1.968 ಜಿಇವಿ. ನಮ್ಮ ಉತ್ತರ ಜಾಸ್ತಿ ಬಂದರೆ ಬೇರ್ ಮಾಸ್ ಇಳಿಸುತ್ತೇವೆ, ಕಮ್ಮಿ ಬಂದರೆ ಏರಿಸುತ್ತೇವೆ. ಇಲ್ಲಿ ಒಂದು ಆಯ್ಕೆ ಇದೆ. ಈಟಾ-ಸಿ ಒಳಗೆ ಚಾರ್ಮ್ ಮತ್ತು ಅದರ ಪ್ರತಿಕಣ ಒಂದನ್ನೊಂದು ಅಳಿಸಿಕೊಂಡು ಗ್ಲುವಾನ್ ಆಗಬಹುದು. ಸಿಮ್ಯುಲೇಶನ್‌ನಲ್ಲಿ ಸಾಮಾನ್ಯವಾಗಿ ಆ ಭಾಗವನ್ನು ಬಿಟ್ಟಿರುತ್ತಾರೆ, ಅದು ಕೆಲವು ಎಂಇವಿ ಲೆಕ್ಕ. ಡಿ-ಎಸ್‌ಗೆ ಆ ತೊಂದರೆ ಇಲ್ಲ, ಆದರೆ ಸ್ಟ್ರೇಂಜ್ ಕ್ವಾರ್ಕ್ ಸರಿಯಾಗಿ ಕೂತಿರಬೇಕು. ನನಗೆ ಡಿ-ಎಸ್ ಮೇಲೆ ಒಲವು ಜಾಸ್ತಿ. ಸ್ಟ್ರೇಂಜ್‌ನ ಬೇರ್ ಮಾಸನ್ನು ಹೇಗೂ ಎಚ್ಚರಿಕೆಯಿಂದ ಹೊಂದಿಸಬೇಕು, ಬಿಟ್ಟುಹೋದ ಭೌತಶಾಸ್ತ್ರಕ್ಕೆ ಅಂದಾಜು ತಿದ್ದುಪಡಿ ಹಾಕುವುದಕ್ಕಿಂತ ಅದು ವಾಸಿ.

ಚಾರ್ಮ್ ಕುರಿತ ಪ್ರಯೋಗದ ಮಾಹಿತಿ ಅಲ್ಲಿಗೆ ಮುಗಿಯಿತು. ಒಂದು ನಿಯತಾಂಕಕ್ಕೆ ಒಂದು ಅಳತೆ. ಇನ್ನು ಜೆ/ಸೈ ಮತ್ತು ಈಟಾ-ಸಿ ನಡುವಿನ 113 ಎಂಇವಿ ಅಂತರ ನಮ್ಮ ಲೆಕ್ಕದಲ್ಲಿ ಬರಲೇಬೇಕು. ಅದನ್ನು ಹೊಂದಿಸಲು ಕೈಯಲ್ಲಿ ಯಾವ ಗುಂಡಿಯೂ ಉಳಿದಿಲ್ಲ.

ಆದರೆ ಹೀಗೆ ಸಿಕ್ಕ ಬೇರ್ ಮಾಸ್ ಆ ಚೌಕಳಿಗೆ, ಆ ಆಕ್ಷನ್‌ಗೆ (ಥಿಯರಿಯನ್ನು ಚೌಕಳಿಗೆ ಇಳಿಸುವ ಸೂತ್ರಕ್ಕೆ) ಮಾತ್ರ ಸೇರಿದ್ದು. 0.09ರಿಂದ 0.06 ಫರ್ಮಿಗೆ ಹೋದರೆ ಜಿಇವಿಯಲ್ಲೂ ಬೇರೆ ಸಂಖ್ಯೆ ಬರುತ್ತದೆ. ಪಕ್ಕದ ಗುಂಪಿನವರ ಬೇರ್ ಮಾಸ್ ಜೊತೆ ಹೋಲಿಸುವುದಕ್ಕೂ ಆಗುವುದಿಲ್ಲ. ಪ್ರಪಂಚಕ್ಕೆ ಬೇಕಾಗಿರುವುದು ಎಂಎಸ್-ಬಾರ್ ಮಾಸ್. ಅದರ ವ್ಯಾಖ್ಯೆ ಇರುವುದು ನಾಲ್ಕಕ್ಕಿಂತ ಸ್ವಲ್ಪ ಕಮ್ಮಿ ಆಯಾಮದಲ್ಲಿ ಮಾಡುವ ಲೆಕ್ಕದಲ್ಲಿ. ಅದನ್ನು ಚೌಕಳಿಯ ಮೇಲೆ ಇಡುವುದು ಸಾಧ್ಯವೇ ಇಲ್ಲ. ಹಾಗಾದರೆ ಎರಡನ್ನೂ ಜೋಡಿಸುವುದು ಹೇಗೆ?

ಎರಡೂ ಕಡೆ ಲೆಕ್ಕ ಹಾಕಬಹುದಾದ ಒಂದು ಪರಿಮಾಣ ಬೇಕು. ನನ್ನ ಮೆಚ್ಚಿನ ದಾರಿ ಕರೆಂಟ್ ಕೋರಿಲೇಟರ್‌ಗಳ ಮೊಮೆಂಟ್. ಎಚ್‌ಪಿಕ್ಯೂಸಿಡಿ ಅನ್ನುವ ಲ್ಯಾಟಿಸ್ ಗುಂಪಿನವರು ಲೂಪ್ ಲೆಕ್ಕದಲ್ಲಿ ಪಳಗಿದ ಚೆಟಿರ್ಕಿನ್, ಕ್ಯೂನ್, ಸ್ಟೈನ್‌ಹೌಸರ್, ಸ್ಟುರ್ಮ್ ಅವರ ಜೊತೆ ಸೇರಿ 2008ರಲ್ಲಿ ಇದನ್ನು ಮಾಡಿ ತೋರಿಸಿದರು. ಕೆಲಸ ಹೀಗೆ: ಸೊನ್ನೆ ಹೊತ್ತಿನಲ್ಲಿ ಚಾರ್ಮ್ ಮತ್ತು ಪ್ರತಿ-ಚಾರ್ಮ್ ಜೋಡಿಯನ್ನು ಹುಟ್ಟಿಸಿ, ಹೊತ್ತು ಟಿ ಆದಾಗ ಅಳಿಸುತ್ತೇವೆ. ಈ ಎರಡರ ನಡುವಿನ ಸಂಬಂಧವನ್ನು ಅಳೆಯುವ ಸಂಖ್ಯೆಯೇ ಕೋರಿಲೇಟರ್. ಟಿ ಬೆಳೆದ ಹಾಗೆ ಅದು ಇಳಿಯುತ್ತದೆ. ಅದು ಬಹಳ ದೂರದಲ್ಲಿ ಇಳಿಯುವ ವೇಗ ಈಟಾ-ಸಿ ದ್ರವ್ಯರಾಶಿಯನ್ನು ಕೊಡುತ್ತದೆ, ಟ್ಯೂನ್ ಮಾಡಲು ಬಳಸಿದ್ದು ಅದನ್ನೇ. ಮೊಮೆಂಟ್‌ಗೆ ನಾವು ನೋಡುವುದು ಹತ್ತಿರದ ಭಾಗ. ಕೋರಿಲೇಟರ್ ಅನ್ನು ಟಿ-ಯ ನಾಲ್ಕನೇ ಘಾತದಿಂದ ಗುಣಿಸಿ ಎಲ್ಲ ಹೊತ್ತಿನ ಮೇಲೆ ಕೂಡಿದರೆ ನಾಲ್ಕನೇ ಮೊಮೆಂಟ್. ಹಾಗೆಯೇ ಆರು, ಎಂಟು, ಹತ್ತು. ಇವೆಲ್ಲ ಹೆಚ್ಚಾಗಿ ಚಿಕ್ಕ ದೂರದಲ್ಲಿ ನಡೆಯುವ ಸಂಗತಿ, ಅಲ್ಲಿ ಪರ್ಟರ್ಬೇಶನ್ ಲೆಕ್ಕ ನಂಬಬಹುದು. ಆ ಲೆಕ್ಕ ನಾಲ್ಕು ಲೂಪ್‌ವರೆಗೆ ಕಾಗದದ ಮೇಲೆ ಸಿದ್ಧವಿದೆ, ಮತ್ತು ಅದರೊಳಗೆ ಕೂತಿರುವುದು ಎಂಎಸ್-ಬಾರ್ ಮಾಸ್. ಚೌಕಳಿಯಿಂದ ಬಂದ ಮೊಮೆಂಟ್ ಒಂದು ಕಡೆ, ಕಾಗದದ ಮೊಮೆಂಟ್ ಇನ್ನೊಂದು ಕಡೆ. ಎರಡನ್ನೂ ಸಮ ಮಾಡಿ ಮಾಸ್ ತೆಗೆಯುತ್ತೇವೆ.

ಇದರಲ್ಲಿ ಒಂದು ಸೊಗಸು ಇದೆ. ಬೇರ್ ಮಾಸ್‌ನಿಂದ ಗುಣಿಸಿದ ಸ್ಯೂಡೋಸ್ಕೇಲರ್ ಕರೆಂಟ್‌ಗೆ (ಈಟಾ-ಸಿಯಂಥ ಜೋಡಿಯನ್ನು ಹುಟ್ಟಿಸುವ ಕರೆಂಟ್‌ಗೆ), ಸ್ಟ್ಯಾಗರ್ಡ್ ಅನ್ನುವ ಬಗೆಯಲ್ಲಿ ಚೌಕಳಿಗೆ ಇಳಿಸಿದ ಕ್ವಾರ್ಕ್‌ಗಳ ಉಳಿದಿರುವ ಕೈರಲ್ ಸಮ್ಮಿತಿಯ ಕೃಪೆಯಿಂದ, ಚೌಕಳಿಯ ಬೆಲೆಯನ್ನು ಕಾಗದದ ಬೆಲೆಗೆ ಬದಲಿಸುವ ಬೇರೆ ರೀನಾರ್ಮಲೈಸೇಶನ್ ಗುಣಾಂಕ ಬೇಕಾಗುವುದಿಲ್ಲ. ಅದಿಲ್ಲದಿದ್ದರೆ ಪ್ರತಿ ಚೌಕಳಿಯಲ್ಲೂ ಒಂದು ಗುಣಾಂಕ ಕಂಡುಹಿಡಿದು, ಅದರ ದೋಷವನ್ನೂ ಹೊರಬೇಕಿತ್ತು. ಇನ್ನೂ ಒಂದು: ಅದೇ ದತ್ತಾಂಶದಿಂದ ಸ್ಟ್ರಾಂಗ್ ಕಪ್ಲಿಂಗ್ ಕೂಡ ಬರುತ್ತದೆ. 2010ರ ಲೆಕ್ಕದಲ್ಲಿ ಝಡ್ ಬೋಸಾನ್ ಸ್ಕೇಲ್‌ನಲ್ಲಿ ಅದು 0.1183, ದೋಷ 0.0007.

ಈಗ ಬೇರೆ ದಾರಿಗಳು, ಬೇಗ ಹೇಳುತ್ತೇನೆ. ಆರ್‌ಐ-ಸ್ಮಾಮ್ ಅಂತ ಒಂದಿದೆ. ಗೇಜ್ ಕಟ್ಟಿಹಾಕಿ, ಒಂದೆರಡು ಜಿಇವಿಗಿಂತ ಜಾಸ್ತಿ ಸಂವೇಗದ ಕ್ವಾರ್ಕ್ ಪ್ರೊಪಗೇಟರ್ (ಕ್ವಾರ್ಕ್ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುವುದನ್ನು ಹೇಳುವ ಲೆಕ್ಕ) ನೋಡಿ, ಬೇರ್ ಮಾಸ್‌ನಿಂದ ಎಂಎಸ್-ಬಾರ್‌ಗೆ ಹೋಗಲು ಬೇಕಾದ ಗುಣಾಂಕ ತೆಗೆಯುವುದು. ಸಂವೇಗ ತೀರಾ ಕಮ್ಮಿ ಆದರೆ ಪರ್ಟರ್ಬೇಶನ್ ಕೈ ಕೊಡುತ್ತದೆ, ತೀರಾ ಜಾಸ್ತಿ ಆದರೆ ಚೌಕಳಿ ಕೈ ಕೊಡುತ್ತದೆ. ನಡುವಿನ ಕಿಂಡಿಯಲ್ಲೇ ಕೆಲಸ ಮಾಡಬೇಕು. ಆಲ್ಫಾ ಗುಂಪಿನವರು ಶ್ರೋಡಿಂಗರ್ ಫಂಕ್ಷನಲ್ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಸ್ಕೇಲ್ ಏರುತ್ತಾರೆ. ಫರ್ಮಿಲ್ಯಾಬ್ ಲ್ಯಾಟಿಸ್, ಮಿಲ್ಕ್ ಮತ್ತು ಟಿಯುಎಂಕ್ಯೂಸಿಡಿ ಗುಂಪುಗಳು 2018ರಲ್ಲಿ ಇನ್ನೊಂದು ದಾರಿ ತುಳಿದವು. ಮೇಲೆ ‘ನಾಲ್ಕು ಲೂಪ್’ ಅವರು ಹೇಳಿದ ರೀನಾರ್ಮಲಾನ್ ಭಾಗವನ್ನು ಪೋಲ್ ಮಾಸ್‌ನಿಂದ ಕಳೆದುಬಿಟ್ಟರೆ ಉಳಿಯುವ ಮಾಸ್ ಚೆನ್ನಾಗಿ ವರ್ತಿಸುತ್ತದೆ. ಡಿ ಮತ್ತು ಬಿ ಮೀಸಾನ್‌ಗಳ ದ್ರವ್ಯರಾಶಿ ಭಾರದ ಕ್ವಾರ್ಕ್ ಬದಲಾದ ಹಾಗೆ ಹೇಗೆ ಬದಲಾಗುತ್ತದೆ ಅನ್ನುವುದಕ್ಕೆ ಅದನ್ನು ಹೊಂದಿಸಿದರು. ಬಾಟಮ್‌ಗೆ ಬಂದ ಬೆಲೆ 4.20ರ ಆಸುಪಾಸು, ದೋಷ 0.014.

ಇನ್ನು ಬಾಟಮ್ ಕ್ವಾರ್ಕ್ ಯಾಕೆ ಇಷ್ಟು ಕಷ್ಟ ಅನ್ನುವುದು. ಚೌಕಳಿಯ ಅಂತರವನ್ನು ಕ್ವಾರ್ಕ್ ಮಾಸ್‌ನಿಂದ ಗುಣಿಸಿ. ಆ ಗುಣಲಬ್ಧ 1ಕ್ಕಿಂತ ಸಾಕಷ್ಟು ಕಮ್ಮಿ ಇದ್ದರೆ ಮಾತ್ರ ಚೌಕಳಿಯ ದೋಷ ಹಿಡಿತದಲ್ಲಿರುತ್ತದೆ. 0.09 ಫರ್ಮಿ ಅಂದರೆ ಶಕ್ತಿಯ ಲೆಕ್ಕದಲ್ಲಿ 2.2 ಜಿಇವಿ. ಚಾರ್ಮ್‌ಗೆ ಗುಣಲಬ್ಧ ಅರ್ಧದ ಒಳಗೆ ಇರುತ್ತದೆ, ಪರವಾಗಿಲ್ಲ. ಬಾಟಮ್‌ಗೆ ಸುಮಾರು 2. ಅಲ್ಲಿ ಕ್ವಾರ್ಕ್‌ನ ಅಲೆ ಚೌಕಳಿಯ ಒಂದು ಕಣ್ಣಿಗಿಂತ ಚಿಕ್ಕದು, ಚೌಕಳಿಗೆ ಅದು ಕಾಣುವುದೇ ಇಲ್ಲ. 0.03 ಫರ್ಮಿಗೆ ಹೋದರೆ 6.6 ಜಿಇವಿ, ಗುಣಲಬ್ಧ 0.64. ಆಗ ಬಾಟಮ್ ಒಳಗೆ ಬಂತು. ಆದರೆ ಅಂತರವನ್ನು ಅರ್ಧ ಮಾಡಿದರೆ ಬಿಂದುಗಳೇ 16 ಪಟ್ಟು. ಸಾಲದ್ದಕ್ಕೆ, 0.05 ಫರ್ಮಿಗಿಂತ ಕೆಳಗೆ ಟೊಪಾಲಜಿಕಲ್ ಚಾರ್ಜ್ (ಗ್ಲುವಾನ್ ಕ್ಷೇತ್ರ ಎಷ್ಟು ಸುತ್ತು ಸುತ್ತಿದೆ ಅನ್ನುವ ಸಂಖ್ಯೆ) ಹೆಪ್ಪುಗಟ್ಟುತ್ತದೆ. ಸಿಮ್ಯುಲೇಶನ್ ಗಂಟೆಗಟ್ಟಲೆ ಓಡಿದರೂ ಅದೇ ಸೆಕ್ಟರ್‌ನಲ್ಲಿ ಕೂತಿರುತ್ತದೆ. ಇದಕ್ಕೆ ಲ್ಯೂಷರ್ ಮತ್ತು ಷೇಫರ್ 2011ರಲ್ಲಿ ಕಾಲದ ದಿಕ್ಕಿನ ಅಂಚನ್ನು ತೆರೆದಿಡುವ ಉಪಾಯ ಕೊಟ್ಟರು.

ಆದ್ದರಿಂದ ಹಲವರು ಎಚ್‌ಐಎಸ್‌ಕ್ಯೂ ಅನ್ನುವ ಸುಧಾರಿತ ಆಕ್ಷನ್ ತೆಗೆದುಕೊಂಡು, ಚಾರ್ಮ್‌ನಿಂದ ಬಾಟಮ್‌ವರೆಗೆ ನಡುವಿನ ಹಲವು ಕಾಲ್ಪನಿಕ ಮಾಸ್‌ಗಳಲ್ಲಿ ಲೆಕ್ಕ ಹಾಕುತ್ತಾರೆ. ದಪ್ಪ ಚೌಕಳಿಯಲ್ಲಿ ಹಗುರ ಮಾಸ್ ಮಾತ್ರ, ಸಣ್ಣ ಚೌಕಳಿಯಲ್ಲಿ ಭಾರದ್ದೂ ಸೇರಿ. ಎಲ್ಲವನ್ನೂ ಒಟ್ಟಿಗೆ ಫಿಟ್ ಮಾಡಿ ಬಾಟಮ್‌ಗೆ ತಲುಪುತ್ತಾರೆ. ಎನ್‌ಆರ್‌ಕ್ಯೂಸಿಡಿ ಥರದ ದಾರಿಗಳು ಬೇರೆ. ಅವು ಭಾರದ ಕ್ವಾರ್ಕ್ ನಿಧಾನವಾಗಿ ಚಲಿಸುತ್ತದೆ ಅನ್ನುವುದನ್ನು ಬಳಸಿ ದಪ್ಪ ಚೌಕಳಿಯಲ್ಲೇ ಬಾಟಮ್ ಇಡುತ್ತವೆ, ಆದರೆ ಅಂತರವನ್ನು ಸೊನ್ನೆಗೆ ಒಯ್ಯಲು ಬಿಡುವುದಿಲ್ಲ.

ನಂಬಿಕೆ ಎಲ್ಲಿಂದ ಬರುತ್ತದೆ ಅಂದರೆ, ನನಗಂತೂ ಇಲ್ಲಿಂದ. 2009ರಲ್ಲಿ ಕಾರ್ಲ್ಸ್‌ರೂ ಕಡೆಯವರು ಲ್ಯಾಟಿಸ್ ಮುಟ್ಟದೆ, ಎಲೆಕ್ಟ್ರಾನ್-ಪಾಸಿಟ್ರಾನ್ ಘರ್ಷಣೆಯ ದತ್ತಾಂಶದಿಂದಲೇ ಇದೇ ಬಗೆಯ ಮೊಮೆಂಟ್ ತೆಗೆದರು. 3 ಜಿಇವಿ ಸ್ಕೇಲ್‌ನಲ್ಲಿ ಚಾರ್ಮ್ ಮಾಸ್ 0.986, ದೋಷ 0.013. ಮರುವರ್ಷದ ಲ್ಯಾಟಿಸ್ ಲೆಕ್ಕ 0.986, ದೋಷ 0.006. ಒಂದರಲ್ಲಿ ಡಿಟೆಕ್ಟರ್, ಇನ್ನೊಂದರಲ್ಲಿ ಚೌಕಳಿ. ಲೂಪ್ ಲೆಕ್ಕ ಎರಡಕ್ಕೂ ಸಾಮಾನ್ಯ, ನಿಜ. ಆದರೆ ಮೇಲೆ ಹೇಳಿದ ಬೇರೆ ದಾರಿಗಳಲ್ಲಿ ಲೂಪ್ ಲೆಕ್ಕವೂ ಬೇರೆ, ಅವೂ ಅಲ್ಲಿಗೇ ಬಂದು ನಿಲ್ಲುತ್ತವೆ.

ಪ್ರಬಂಧ ಓದುವಾಗ ದಯವಿಟ್ಟು ಕೊನೆಯ ಸಂಖ್ಯೆ ನೋಡುವ ಮೊದಲು ದೋಷಗಳ ಪಟ್ಟಿ ನೋಡಿ. ಎಷ್ಟು ಪಾಲು ಚೌಕಳಿ ಅಂತರದಿಂದ, ಎಷ್ಟು ಪಾಲು ಕಾಣದ ಮುಂದಿನ ಲೂಪ್‌ನಿಂದ, ಎಷ್ಟು ಬರೀ ಅಂಕಿಅಂಶದ್ದು ಅಂತ ಅಲ್ಲಿರುತ್ತದೆ. ಫ್ಲಾಗ್ ಅನ್ನುವ ವಿಮರ್ಶಾ ಗುಂಪು ಎಲ್ಲರ ಲೆಕ್ಕವನ್ನೂ ಒಟ್ಟುಗೂಡಿಸಿ ಪ್ರತಿ ಅಂಶಕ್ಕೂ ಹಸಿರು ನಕ್ಷತ್ರ, ಹಸಿರು ವೃತ್ತ ಅಥವಾ ಕೆಂಪು ಚೌಕ ಕೊಡುತ್ತದೆ. ಕೆಂಪು ಚೌಕ ಬಿದ್ದ ಲೆಕ್ಕ ಸರಾಸರಿಗೆ ಸೇರುವುದಿಲ್ಲ. ಈಗ ನಿಖರತೆ ಎಲ್ಲಿಗೆ ಬಂದಿದೆ ಅಂದರೆ, ಚಾರ್ಮ್‌ನ ವಿದ್ಯುದಾವೇಶದ ಪರಿಣಾಮವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗಿದೆ. ಅದು ಶೇಕಡಾ 0.2ರ ಆಸುಪಾಸು, ಅಷ್ಟೇ. ಆದರೆ ಒಟ್ಟು ದೋಷವೇ ಶೇಕಡಾ ಅರ್ಧ ಇರುವಾಗ ಅದನ್ನು ಬಿಡಲು ಆಗುವುದಿಲ್ಲ.

ಕುತೂಹಲಿ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಇಬ್ಬರಿಗೂ ತುಂಬಾ ಧನ್ಯವಾದ. ಒಂದು ಸಂಶಯ ಉಳಿದಿದೆ. ಬಾಟಮ್ ಮತ್ತು ಚಾರ್ಮ್ ಮಾಸ್‌ಗಳ ಅನುಪಾತ ಸುಮಾರು 4.58 ಅಂತ ಒಂದು ಲ್ಯಾಟಿಸ್ ಪ್ರಬಂಧದಲ್ಲಿ ಓದಿದೆ. ಕಣಗಳ ಪಟ್ಟಿಯಲ್ಲಿರುವ ಬಾಟಮ್‌ನ 4.18 ಅನ್ನು ಚಾರ್ಮ್‌ನ 1.27ರಿಂದ ಭಾಗಿಸಿದರೆ ನನಗೆ 3.29 ಬರುತ್ತದೆ. ಇದು ಹೇಗೆ?

ಜಾಲರಿ:

ಒಳ್ಳೆಯದನ್ನು ಹಿಡಿದಿರಿ. 4.18 ಇರುವುದು 4.18ರ ಸ್ಕೇಲ್‌ನಲ್ಲಿ, 1.27 ಇರುವುದು 1.27ರ ಸ್ಕೇಲ್‌ನಲ್ಲಿ. ಬೇರೆ ಬೇರೆ ಸ್ಕೇಲ್‌ನ ಎರಡನ್ನು ಭಾಗಿಸಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ಎರಡನ್ನೂ 3 ಜಿಇವಿಗೆ ತನ್ನಿ. ಚಾರ್ಮ್ ಇಳಿದು 0.986 ಆಗುತ್ತದೆ, ಬಾಟಮ್ ಏರಿ 4.5 ಆಗುತ್ತದೆ. ಈಗ ಭಾಗಿಸಿ, 4.58 ಹತ್ತಿರ ಬರುತ್ತದೆ. ಒಂದೇ ಸ್ಕೇಲ್‌ನಲ್ಲಿ ತೆಗೆದ ಅನುಪಾತ ಯಾವ ಸ್ಕೇಲ್‌ಗೆ ಹೋದರೂ ಬದಲಾಗುವುದಿಲ್ಲ.

ಇದರ ಉಪಯೋಗ ದೊಡ್ಡದು. ಒಂದೇ ಚೌಕಳಿ, ಒಂದೇ ಆಕ್ಷನ್ ಇದ್ದರೆ ಬೇರ್ ಮಾಸ್‌ನಿಂದ ಎಂಎಸ್-ಬಾರ್‌ಗೆ ಹೋಗುವ ಗುಣಾಂಕ ಎರಡೂ ಕ್ವಾರ್ಕ್‌ಗೆ ಒಂದೇ. ಅನುಪಾತದಲ್ಲಿ ಅದು ಹೊಡೆದುಹೋಗುತ್ತದೆ. ಚೌಕಳಿ ಅಂತರವನ್ನು ಸೊನ್ನೆಗೆ ಒಯ್ದರೆ ಸಾಕು, ಲೂಪ್ ಲೆಕ್ಕವೇ ಬೇಡ. ಚಾರ್ಮ್ ಮತ್ತು ಸ್ಟ್ರೇಂಜ್ ಅನುಪಾತ ಹೀಗೆ ಸುಮಾರು 11.8 ಅಂತ ಬಂತು. ಹಗುರವಾದ ಸ್ಟ್ರೇಂಜ್ ಕ್ವಾರ್ಕ್‌ಗೆ ನೇರವಾಗಿ ಪರ್ಟರ್ಬೇಶನ್ ಹಚ್ಚುವುದು ಕಷ್ಟ, ಆದರೆ ಚಾರ್ಮ್ ಚೆನ್ನಾಗಿ ಗೊತ್ತಿದ್ದರೆ ಭಾಗಿಸಿದರೆ ಮುಗಿಯಿತು. ಭಾರದ ಕ್ವಾರ್ಕ್ ಸರಿಯಾಗಿ ಅಳೆದದ್ದರಿಂದ ಹಗುರದ್ದೂ ಸಿಕ್ಕಿತು. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಚೆಂದ ಅನ್ನಿಸಿದ ಫಲಿತಾಂಶ ಇದೇ.

ಕೊಲೈಡರ್ ಕಡೆಯಿಂದ:

ಇಷ್ಟೊಂದು ನಿಖರತೆ ಯಾರಿಗೆ ಬೇಕು ಅಂತ ಯಾರಾದರೂ ಕೇಳಬಹುದು. ನಮಗೆ ಬೇಕು. ಹಿಗ್ಸ್ ಬೋಸಾನ್ ಸುಮಾರು ಶೇಕಡಾ 58ರಷ್ಟು ಸಲ ಬಾಟಮ್ ಜೋಡಿಯಾಗಿ ಒಡೆಯುತ್ತದೆ. ಸರ್ನ್‌ನ ಅಟ್ಲಾಸ್ ಮತ್ತು ಸಿಎಂಎಸ್ ಪ್ರಯೋಗಗಳು ಇದನ್ನು 2018ರಲ್ಲಿ ಖಚಿತವಾಗಿ ಕಂಡವು. ಆ ಒಡೆಯುವ ದರ ಬಾಟಮ್ ಮಾಸ್‌ನ ವರ್ಗಕ್ಕೆ ಅನುಗುಣವಾಗಿದೆ, ಮತ್ತು ಅಲ್ಲಿ ಹಾಕಬೇಕಾದ್ದು ಹಿಗ್ಸ್‌ನ 125 ಜಿಇವಿ ಸ್ಕೇಲ್‌ನ ಮಾಸ್, ಅಂದರೆ ಸುಮಾರು 2.8. ತಿಳಿಯದೆ 4.8 ಹಾಕಿದರೆ ದರ ಸುಮಾರು ಮೂರು ಪಟ್ಟು ತಪ್ಪುತ್ತದೆ. ಕುತೂಹಲಿಯವರ ಮೊದಲ ಪ್ರಶ್ನೆ ಸುಮ್ನೆ ವ್ಯಾಖ್ಯೆಯ ಮಾತಲ್ಲ. ವರ್ಗ ಆದ್ದರಿಂದ ಮಾಸ್‌ನ ದೋಷ ಇಲ್ಲಿ ಎರಡು ಪಟ್ಟಾಗುತ್ತದೆ. ಮುಂದಿನ ಎಲೆಕ್ಟ್ರಾನ್-ಪಾಸಿಟ್ರಾನ್ ಕೊಲೈಡರ್‌ಗಳು ಹಿಗ್ಸ್-ಬಾಟಮ್ ಕಪ್ಲಿಂಗ್ ಅನ್ನು ಶೇಕಡಾ ಒಂದಕ್ಕಿಂತ ಚೆನ್ನಾಗಿ ಅಳೆಯುವ ಗುರಿ ಇಟ್ಟುಕೊಂಡಿವೆ. ಆಗ ಲೆಕ್ಕದ ಕಡೆಯ ದೋಷವೇ ಅಡ್ಡ ಬರಬಾರದಲ್ವಾ?

ಹೊಸ ಕೋಡ್:

ಜಾಲರಿಯವರೇ, ಒಂದು ಕೆಲಸದ ಪ್ರಶ್ನೆ. 0.09 ಫರ್ಮಿ ಚೌಕಳಿ, ಕಾಲದ ದಿಕ್ಕಿಗೆ 96 ಹೆಜ್ಜೆ. ಈಟಾ-ಸಿ ಕೋರಿಲೇಟರ್‌ನಿಂದ ಎಫೆಕ್ಟಿವ್ ಮಾಸ್ (ಒಂದೊಂದು ಹೆಜ್ಜೆಯಲ್ಲಿ ಅದು ಇಳಿಯುವ ವೇಗ) ಎಳೆದಿದ್ದೇನೆ. 10ರಿಂದ 25ರವರೆಗೆ ಚೆನ್ನಾಗಿ ಸಮತಟ್ಟಾಗಿದೆ. 30ರ ಹತ್ತಿರ ಕೆಳಕ್ಕೆ ಬಾಗುತ್ತದೆ, ಆದರೆ ಎರರ್ ಬಾರ್ ತೀರಾ ಚಿಕ್ಕದು. ಸಾಲ್ವರ್ (ಪ್ರೊಪಗೇಟರ್‌ಗಾಗಿ ಸಮೀಕರಣ ಬಿಡಿಸುವ ಪ್ರೋಗ್ರಾಂ) ಅನ್ನು ಹತ್ತು ಕೋಟಿಯಲ್ಲಿ ಒಂದು ಭಾಗದ ರೆಸಿಡ್ಯುಯಲ್‌ಗೆ (ಉಳಿದ ತಪ್ಪಿಗೆ) ನಿಲ್ಲಿಸಿದ್ದೇನೆ. ಹಗುರ ಕ್ವಾರ್ಕ್‌ಗೆ ಅಷ್ಟು ಧಾರಾಳವಾಗಿ ಸಾಕಾಗಿತ್ತು. ಇಲ್ಲಿ ಬೇರೆ ಹಗುರ ಸ್ಥಿತಿ ಏನಾದರೂ ಸೇರಿಕೊಂಡಿದೆಯಾ?

ಜಾಲರಿ:

ಬೇರೆ ಸ್ಥಿತಿ ಅಲ್ಲ. ಸಾಲ್ವರ್ ನೋಡಿ.

ಲೆಕ್ಕ ಹಾಕೋಣ. ಈಟಾ-ಸಿಯ 2.984 ಜಿಇವಿಯನ್ನು 0.09 ಫರ್ಮಿಗೆ ಸಮನಾದ 2.19 ಜಿಇವಿಯಿಂದ ಭಾಗಿಸಿದರೆ 1.36. ಅಂದರೆ ಒಂದೊಂದು ಹೆಜ್ಜೆಗೂ ನಿಮ್ಮ ಕೋರಿಲೇಟರ್ ಹೆಚ್ಚುಕಮ್ಮಿ ಕಾಲು ಭಾಗಕ್ಕೆ ಇಳಿಯುತ್ತದೆ. ಒಂದು ಕ್ವಾರ್ಕ್‌ನ ಪ್ರೊಪಗೇಟರ್ ಹೆಚ್ಚುಕಮ್ಮಿ ಅರ್ಧಕ್ಕೆ. ಅರ್ಧ ಅರ್ಧವಾಗಿ 30 ಹೆಜ್ಜೆ ಇಳಿದರೆ ಉಳಿಯುವುದು ನೂರು ಕೋಟಿಯಲ್ಲಿ ಒಂದು ಭಾಗದಷ್ಟು. ನೀವು ನಿಲ್ಲಿಸಿದ್ದು ಹತ್ತು ಕೋಟಿಯಲ್ಲಿ ಒಂದಕ್ಕೆ. ಸಾಲ್ವರ್ ನೋಡುವುದು ಇಡೀ ವೆಕ್ಟರ್‌ನ ಒಟ್ಟು ರೆಸಿಡ್ಯುಯಲ್. ಮೂಲದ ಹತ್ತಿರದ ನಾಲ್ಕಾರು ಟೈಮ್ ಸ್ಲೈಸ್ (ಒಂದೊಂದು ಕಾಲದ ಹೆಜ್ಜೆಯ ಪದರ) ಸರಿಯಾದರೆ ಅದಕ್ಕೆ ತೃಪ್ತಿ. ದೂರದ ಸ್ಲೈಸ್‌ಗಳಲ್ಲಿ ಏನಿದೆ ಅಂತ ಅದು ನೋಡಿಯೇ ಇಲ್ಲ.

ಬಾಗುವುದು ಕೆಳಕ್ಕೇ ಯಾಕೆ ಅಂದರೆ, ಸ್ಯೂಡೋಸ್ಕೇಲರ್ ಕೋರಿಲೇಟರ್ ಪ್ರೊಪಗೇಟರ್‌ನ ವರ್ಗಗಳ ಮೊತ್ತ. ಅದರಲ್ಲಿ ಸೇರಿದ ಕಸ ಯಾವಾಗಲೂ ಕೂಡುತ್ತದೆ, ಒಂದಕ್ಕೊಂದು ಹೊಡೆದುಹೋಗುವುದಿಲ್ಲ. ಹಾಗಾಗಿ ಕೋರಿಲೇಟರ್ ನಿಧಾನವಾಗಿ ಇಳಿಯುವ ಹಾಗೆ ಕಂಡು ಎಫೆಕ್ಟಿವ್ ಮಾಸ್ ಕಮ್ಮಿ ಬರುತ್ತದೆ. ಈ ಕಸ ಎಲ್ಲ ಕಾನ್ಫಿಗರೇಶನ್‌ನಲ್ಲೂ ಹೆಚ್ಚುಕಮ್ಮಿ ಒಂದೇ ಥರ ಸೇರುತ್ತದೆ. ಅದಕ್ಕೇ ಎರರ್ ಬಾರ್ ಚಿಕ್ಕದು, ಅದಕ್ಕೇ ಅದು ಅಪಾಯಕಾರಿ.

ಖಚಿತ ಮಾಡಿಕೊಳ್ಳಲು ಒಂದೇ ಕಾನ್ಫಿಗರೇಶನ್ ತೆಗೆದುಕೊಂಡು ರೆಸಿಡ್ಯುಯಲ್ ಇನ್ನೂ ಹತ್ತು ಸಾವಿರ ಪಟ್ಟು ಬಿಗಿ ಮಾಡಿ ಓಡಿಸಿ. ಬಾಗುವ ಜಾಗ ದೂರಕ್ಕೆ ಸರಿದರೆ ಇದೇ ಕಾರಣ. ಜೊತೆಗೆ ರೆಸಿಡ್ಯುಯಲ್ ಅನ್ನು ಟೈಮ್ ಸ್ಲೈಸ್ ಪ್ರಕಾರ ಬೇರೆ ಬೇರೆಯಾಗಿ ಮುದ್ರಿಸಿ ನೋಡಿ, ಕಣ್ಣಿಗೆ ಹೊಡೆಯುತ್ತದೆ. ಇನ್ನೂ ಭಾರದ ಕ್ವಾರ್ಕ್‌ಗೆ ಹೋಗುವುದಾದರೆ ಡಬಲ್ ಪ್ರಿಸಿಶನ್ನೇ ಸಾಲದ ಜಾಗ ಬರುತ್ತದೆ. ಅದಕ್ಕೆ 2010ರಲ್ಲಿ ದಿ ದಿವಿತೀಸ್, ಪೆಟ್ರೊಂಜಿಯೊ ಮತ್ತು ತಂತಾಲೊ ಡಿಸ್ಟೆನ್ಸ್ ಪ್ರೀಕಂಡೀಷನಿಂಗ್ ಅಂತ ಒಂದು ಉಪಾಯ ಕೊಟ್ಟಿದ್ದಾರೆ. ದೂರದ ಸ್ಲೈಸ್‌ಗಳಿಗೆ ಹೆಚ್ಚು ತೂಕ ಸಿಗುವ ಹಾಗೆ ಸಮೀಕರಣವನ್ನೇ ಮೊದಲು ಬದಲಿಸಿ, ಬಿಡಿಸಿ, ಆಮೇಲೆ ವಾಪಸ್ ಬದಲಿಸುವುದು.

ನಿಮ್ಮ ಉದ್ದೇಶ ಮೊಮೆಂಟ್‌ನಿಂದ ಚಾರ್ಮ್ ಮಾಸ್ ತೆಗೆಯುವುದಾದರೆ ಗಾಬರಿ ಬೇಡ. 30ನೇ ಹೆಜ್ಜೆಯ ಪಾಲು ಹತ್ತನೇ ಮೊಮೆಂಟ್‌ನಲ್ಲೂ ಕಾಣುವುದಿಲ್ಲ, ಅಷ್ಟು ಚಿಕ್ಕದು. ಆದರೆ ಟ್ಯೂನ್ ಮಾಡಲು ಬಳಸುವ ಈಟಾ-ಸಿ ಫಿಟ್ ಆ ಭಾಗವನ್ನು ಮುಟ್ಟಿದರೆ ಬೇರ್ ಮಾಸ್ ಸರಿಯುತ್ತದೆ, ಅದರ ಹಿಂದೆ ಎಲ್ಲವೂ ಸರಿಯುತ್ತದೆ. ಸಾಲ್ವರ್ ಸರಿಪಡಿಸುವವರೆಗೆ ಫಿಟ್ ಅನ್ನು 25ಕ್ಕೆ ನಿಲ್ಲಿಸಿ.